ಒಳಗೆ ಏನು ಕೂತಿದೆ ಎಂದು ಮೊದಲೇ ಹೇಳಲಿ: ಮಹಾರಾಷ್ಟ್ರದ ಕಾರ್ಮಿಕ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಆಯುಕ್ತರೇ,

ಈ ಪತ್ರದ ಮರಾಠಿ ಪ್ರತಿ ಸ್ಪೀಡ್ ಪೋಸ್ಟಿನಲ್ಲಿ ನಿಮ್ಮ ಕಚೇರಿಗೆ ಹೊರಟಿದೆ. ಅದನ್ನೇ ಕನ್ನಡದಲ್ಲೂ ಬರೆದು ಎಲ್ಲರ ಮುಂದಿಡಲು ಕಾರಣವಿದೆ. ಪುಣೆಯ ಹಿಂಜವಡಿ, ಖರಾಡಿ, ಮಗರಪಟ್ಟಾದ ಕಚೇರಿಗಳಲ್ಲಿ ವಿಜಯಪುರ, ಕಲಬುರಗಿ, ಬಾಗಲಕೋಟೆ, ಬೆಳಗಾವಿ ಕಡೆಯ ನಮ್ಮ ಮಂದಿ ಬಹಳ ಇದ್ದಾರೆ. ದಿನಕ್ಕೆ ಒಂಬತ್ತು ತಾಸು ಅವರ ಕಣ್ಣೆದುರು ಇರುವ ಕಂಪ್ಯೂಟರು ಅವರ ಬಗ್ಗೆ ಏನೇನು ಬರೆದಿಟ್ಟುಕೊಳ್ಳುತ್ತದೆ ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ನನಗೆ ಗೊತ್ತು. ಹನ್ನೊಂದು ವರ್ಷದಿಂದ ಆ ಕಂಪ್ಯೂಟರುಗಳಿಗೆ ಹೀಗೆ ಬರೆದಿಟ್ಟುಕೊಳ್ಳುವ ತಂತ್ರಾಂಶ ಹಾಕುವ ಕೆಲಸವೇ ನನ್ನದು.

ನಮ್ಮ ಕಸುಬಿನಲ್ಲಿ ಅದನ್ನು ಏಜೆಂಟ್ ಅನ್ನುತ್ತೇವೆ. ಹೊಸಬರು ಕೆಲಸಕ್ಕೆ ಸೇರುವ ಹಿಂದಿನ ದಿನ, ಲ್ಯಾಪ್‌ಟಾಪಿಗೆ ಅವರ ಹೆಸರಿನ ಸ್ಟಿಕ್ಕರ್ ಅಂಟಿಸುವ ಹೊತ್ತಿಗೇ ಮೂರು ನಾಲ್ಕು ಏಜೆಂಟುಗಳು ಒಳಗೆ ಕೂತಾಗಿರುತ್ತದೆ. ಒಂದು ವೈರಸ್ಸು, ದಾಳಿ ಕಾಯಲು. ಒಂದು ಕಂಪನಿಯ ಕಡತಗಳು ಪೆನ್‌ಡ್ರೈವಿಗೋ ಹೊರಗಿನ ಮೇಲ್‌ಗೋ ಹೋಗದಂತೆ ನೋಡಲು. ಒಂದು ಯಾವ ಮೆಷಿನ್ನಿನಲ್ಲಿ ಯಾವ ಸಾಫ್ಟ್‌ವೇರ್ ಇದೆ ಎಂಬ ಲೆಕ್ಕಕ್ಕೆ. ಇನ್ನೊಂದು ಎಲ್ಲ ಕಡೆ ಇರುವುದಿಲ್ಲ, ಆದರೆ ಮನೆಯಿಂದ ಕೆಲಸ ಶುರುವಾದ ಮೇಲೆ ನಾನು ದುಡಿದ ಕಡೆಯಲ್ಲೆಲ್ಲ ಅದನ್ನು ಕಂಡಿದ್ದೇನೆ. ಅದು ಕಂಪ್ಯೂಟರಿನ ಮುಂದೆ ಕೂತ ಮನುಷ್ಯನನ್ನೇ ನೋಡುತ್ತದೆ. ನನ್ನ ತಕರಾರು ಈ ಕೊನೆಯದರ ಮೇಲೆ. ಆದರೆ ಮೊದಲನೆಯದರ ಪರವಾಗಿ ಎರಡು ಮಾತು ಆಡದೆ ಮುಂದೆ ಹೋದರೆ ನನ್ನ ಜೊತೆಗಾರರಿಗೆ ಅನ್ಯಾಯ ಮಾಡಿದ ಹಾಗೆ.

2018ರ ಆಗಸ್ಟ್ ತಿಂಗಳಲ್ಲಿ ಇದೇ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ವ್ಯವಸ್ಥೆಯೊಳಗೆ ಹಾನಿ ಮಾಡುವ ತಂತ್ರಾಂಶ, ಅಂದರೆ ಮಾಲ್‌ವೇರ್ ಹೊಕ್ಕು ಸುಮಾರು 94 ಕೋಟಿ ರೂಪಾಯಿ ಹೋಯಿತು. ನಕಲಿ ಕಾರ್ಡುಗಳಿಂದ 28 ದೇಶಗಳ ಎಟಿಎಂಗಳಲ್ಲಿ ದುಡ್ಡು ತೆಗೆದರು. ಆ ವಾರ ನಮ್ಮ ಓಣಿಯ ಪಿಂಚಣಿದಾರರು ಪಾಸ್‌ಬುಕ್ ಹಿಡಿದು ಓಡಾಡಿದ್ದು ನನಗಿನ್ನೂ ನೆನಪಿದೆ. ಒಳಗೆ ನಡೆಯುತ್ತಿರುವುದನ್ನು ನೋಡುವ ಕಣ್ಣು ಕಂಪ್ಯೂಟರಿಗೆ ಇಲ್ಲದಿದ್ದರೆ ಇಂಥದ್ದು ತಿಳಿಯುವುದೇ ತಡವಾಗುತ್ತದೆ. ದಾಳಿ ಕಾಯುವ ಏಜೆಂಟು ಬರೆದಿಟ್ಟುಕೊಳ್ಳುವುದು ಇಂಥ ವಿಷಯ: ಯಾವ ಪ್ರೋಗ್ರಾಮು ಎದ್ದಿತು, ಅದನ್ನು ಎಬ್ಬಿಸಿದ್ದು ಯಾವುದು, ಯಾವ ಆದೇಶ ಕೊಟ್ಟು ಎಬ್ಬಿಸಿತು, ಅದು ಯಾವ ಊರಿನ ಸರ್ವರ್ ಕಂಪ್ಯೂಟರಿನ ಜೊತೆ ಮಾತಾಡಿತು. ಮೇಲ್‌ನಲ್ಲಿ ಬಂದ ಒಂದು ವರ್ಡ್ ಫೈಲು ತೆರೆದ ಕೂಡಲೇ ಅದರ ಬೆನ್ನಿಗೆ ಪವರ್‌ಶೆಲ್ ಎಂಬ, ವಿಂಡೋಸಿಗೆ ಆದೇಶ ಕೊಡುವ ಪ್ರೋಗ್ರಾಮು ಎದ್ದು ಹೊರಗಿನ ಯಾವುದೋ ವಿಳಾಸಕ್ಕೆ ಸಂಪರ್ಕ ಮಾಡಿದರೆ ಇಲ್ಲಿ ನಮ್ಮ ಕನ್ಸೋಲಿನಲ್ಲಿ, ಅಂದರೆ ಎಲ್ಲ ಮೆಷಿನ್ನುಗಳನ್ನು ಕಾಯುವ ಪರದೆಯಲ್ಲಿ, ಕೆಂಪು ಬೀಳುತ್ತದೆ. ಇದಕ್ಕೆ ಆ ಕುರ್ಚಿಯಲ್ಲಿ ಕೂತವರ ಪರದೆಯ ಚಿತ್ರ ಬೇಕಾಗಿಲ್ಲ. ಅವರು ಮನೆಗೆ ಏನು ಬರೆದರು ಎಂಬುದೂ ಬೇಕಾಗಿಲ್ಲ.

ಈ ಏಜೆಂಟುಗಳು ಎಷ್ಟು ಆಳಕ್ಕೆ ಕೂತಿರುತ್ತವೆ ಎಂಬುದು 2024ರ ಜುಲೈ 19ರಂದು ಜಗತ್ತಿಗೇ ಗೊತ್ತಾಯಿತು. ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ಏಜೆಂಟಿಗೆ ಕಳಿಸಿದ ಒಂದು ತಪ್ಪು ಅಪ್‌ಡೇಟಿಗೆ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್ನುಗಳು ನೀಲಿ ಪರದೆ ಹಾಕಿ ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಆ ಶುಕ್ರವಾರ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಾನು ಒಂದೊಂದೇ ಮೇಜಿಗೆ ಹೋಗಿ, ಸೇಫ್ ಮೋಡಿನಲ್ಲಿ ಎಬ್ಬಿಸಿ, ಒಂದು ಫೈಲು ಅಳಿಸಿ, ಮತ್ತೆ ಎಬ್ಬಿಸಿದೆ. ನೌಕರರು ನನ್ನ ಬೆನ್ನ ಹಿಂದೆ ನಿಂತು ಕೇಳಿದ್ದು ಒಂದೇ ಪ್ರಶ್ನೆ. ನಮ್ಮ ಮೆಷಿನ್ನಿನಲ್ಲಿ ಇದು ಇತ್ತಾ? ಯಾವಾಗ ಹಾಕಿದ್ರಿ?

ವರ್ಷಗಟ್ಟಲೆ ಇತ್ತು. ಯಾರೂ ಅವರಿಗೆ ಹೇಳಿರಲಿಲ್ಲ.

ಈಗ ಮನುಷ್ಯನನ್ನು ನೋಡುವ ಏಜೆಂಟಿನ ವಿಷಯ. ಮೆಷಿನ್ ಆನ್ ಆದ ಕೂಡಲೇ, ನೀವು ಪಾಸ್‌ವರ್ಡ್ ಹೊಡೆಯುವ ಮುಂಚೆಯೇ ಅದು ಎದ್ದಿರುತ್ತದೆ. ನಿಮ್ಮ ಲಾಗಿನ್‌ಗೆ ಇಲ್ಲದ ಅಧಿಕಾರ ಅದಕ್ಕೆ ಇರುತ್ತದೆ, ಆದ್ದರಿಂದ ಟಾಸ್ಕ್ ಮ್ಯಾನೇಜರಿನಲ್ಲಿ ಕಂಡರೂ ನಿಮ್ಮಿಂದ ನಿಲ್ಲಿಸಲು ಆಗುವುದಿಲ್ಲ. ಇಂಥ ಹಲವು ತಂತ್ರಾಂಶಗಳಲ್ಲಿ, ಹಾಕುವ ಹೊತ್ತಿನಲ್ಲಿ, ನನ್ನಂಥವನ ಮುಂದೆ ಒಂದು ಆಯ್ಕೆ ಬರುತ್ತದೆ: ಕಾಣುವಂತೆ ಇಡಬೇಕೋ, ಕಾಣದಂತೆ ಇಡಬೇಕೋ. ಕಾಣದಂತೆ ಎಂದು ಟಿಕ್ ಹಾಕಿದರೆ ಗಡಿಯಾರದ ಪಕ್ಕದಲ್ಲಿ ಅದರ ಗುರುತು ಇರುವುದಿಲ್ಲ, ಪ್ರೋಗ್ರಾಮುಗಳ ಪಟ್ಟಿಯಲ್ಲಿ ಹೆಸರೂ ಇರುವುದಿಲ್ಲ. ನಾನು ಆ ಟಿಕ್ ಹಾಕಿದ್ದೇನೆ. ಎಷ್ಟು ಮೆಷಿನ್ನುಗಳಿಗೆ ಎಂದು ಎಣಿಸಿಲ್ಲ.

ಕೆಲವು ಸೆಕೆಂಡಿಗೊಮ್ಮೆ ಆ ಏಜೆಂಟು ವಿಂಡೋಸನ್ನು ಎರಡು ಪ್ರಶ್ನೆ ಕೇಳುತ್ತದೆ. ಈಗ ಎಲ್ಲಕ್ಕಿಂತ ಮುಂದೆ ಇರುವ ಕಿಟಕಿ ಯಾವುದು, ಅದರ ತಲೆಬರಹ ಏನು? ಕೀಬೋರ್ಡ್ ಅಥವಾ ಮೌಸ್ ಕೊನೆಯ ಸಲ ಅಲುಗಿದ್ದು ಯಾವಾಗ? ಬಹಳಷ್ಟು ಮಂದಿ ಕೀಲಿ ಒತ್ತಿದ ಲೆಕ್ಕ, ಪಾಸ್‌ವರ್ಡ್ ಕದಿಯುವುದು ಇವಕ್ಕೇ ಹೆದರುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಹೆಚ್ಚು ಬಾಯಿಬಿಡುವುದು ಈ ತಲೆಬರಹ. ಬ್ರೌಸರಿನ ಟ್ಯಾಬ್ ಮೇಲೆ ಒಂದು ಸಾಲು ಇರುತ್ತದಲ್ಲ, ಅದೇ. ನೀವು ಗೂಗಲ್‌ನಲ್ಲಿ ಗರ್ಭಪಾತದ ಬಗ್ಗೆಯೋ ಸಾಲ ತೀರಿಸುವ ಬಗ್ಗೆಯೋ ಹುಡುಕಿದರೆ ಆ ಹುಡುಕಿದ ಮಾತು ತಲೆಬರಹದಲ್ಲಿ ಕೂರುತ್ತದೆ. ಮೇಲ್ ತೆರೆದರೆ ಅದರ ವಿಷಯ, ಕಡತ ತೆರೆದರೆ ಅದರ ಹೆಸರು. ಪರದೆಯ ಚಿತ್ರ ಒಂದೂ ತೆಗೆಯದೆ, ಒಂದು ತಿಂಗಳ ತಲೆಬರಹಗಳನ್ನು ಎಕ್ಸೆಲ್‌ಗೆ ಇಳಿಸಿಕೊಂಡು ಓದಿದರೆ, ಆ ಮನೆಯಲ್ಲಿ ಯಾರಿಗೆ ಆರಾಮಿಲ್ಲ, ಯಾರು ಬೇರೆ ಕೆಲಸ ಹುಡುಕುತ್ತಿದ್ದಾರೆ, ಯಾರ ಮದುವೆ ಮಾತುಕತೆ ನಡೆದಿದೆ ಎಂದು ಹೇಳಬಹುದು.

ಎರಡನೆಯ ಪ್ರಶ್ನೆಗೆ ವಿಂಡೋಸ್ ಕೊಡುವುದು ಒಂದೇ ಒಂದು ಸಂಖ್ಯೆ, ಕೊನೆಯ ಚಲನೆಯ ಹೊತ್ತು. ಆ ಸಂಖ್ಯೆಯಿಂದ ಐಡಲ್, ಅಂದರೆ ಕೆಲಸ ಮಾಡದೆ ಸುಮ್ಮನೆ ಕೂತವರು, ಎಂಬ ಶಬ್ದ ಹುಟ್ಟುತ್ತದೆ. ನಮ್ಮಲ್ಲಿ ಐದು ನಿಮಿಷ ಏನೂ ಅಲುಗದಿದ್ದರೆ ಐಡಲ್ ಎಂದು ಇಟ್ಟಿದ್ದರು. ಕಾಗದದ ಮೇಲೆ ಲೆಕ್ಕ ಹಾಕುವವರು ಐಡಲ್. ಗಿರಾಕಿಯ ಜೊತೆ ಫೋನಿನಲ್ಲಿರುವವರು ಐಡಲ್. ಹೊಸ ಹುಡುಗನಿಗೆ ಪಕ್ಕದ ಮೇಜಿನಲ್ಲಿ ನಿಂತು ಕೆಲಸ ಕಲಿಸುವ ಹಿರಿಯಾಕೆ ಐಡಲ್. ಇದರ ಮೇಲೆ ಹತ್ತು ಹತ್ತು ನಿಮಿಷಕ್ಕೆ ಪರದೆಯ ಚಿತ್ರ. ಕಡೆಗೆ ಪ್ರತಿಯೊಂದು ಪ್ರೋಗ್ರಾಮಿಗೂ ವೆಬ್‌ಸೈಟಿಗೂ ಉತ್ಪಾದಕ, ಅನುತ್ಪಾದಕ ಎಂಬ ಮುದ್ರೆ. ಆ ಮುದ್ರೆ ಹೊಡೆಯುವ ಪಟ್ಟಿಯನ್ನು ಒಂದು ಗುರುವಾರ ಮಧ್ಯಾಹ್ನ ನಾನೇ ಮಾಡಿದೆ, ಮೂರು ತಾಸಿನಲ್ಲಿ. ಕೆಲಸ ಕಲಿಯಲು ಯೂಟ್ಯೂಬ್ ನೋಡುವವರೂ ಇರುತ್ತಾರೆ ಎಂದು ಹೇಳಿದೆ. ಸದ್ಯಕ್ಕೆ ಅನುತ್ಪಾದಕದಲ್ಲೇ ಇರಲಿ ಅಂದರು. ಇಟ್ಟೆ.

ಈಗ ನಾನು ಈ ಪತ್ರ ಬರೆಯಲು ಕಾರಣವಾದದ್ದಕ್ಕೆ ಬರುತ್ತೇನೆ. ಅದು ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಿಯ ವಿಷಯ; ಆಕೆಯನ್ನು ಕೇಳಿ, ಆಕೆ ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಹೆಸರು, ಊರು, ಕಂಪನಿ ಯಾವುದನ್ನೂ ಬರೆಯುವುದಿಲ್ಲ.

ನಾನು ಆಗ ಇದ್ದ ಕಂಪನಿಯಲ್ಲಿ ವಿಮೆಯ ಕ್ಲೇಮ್ ಕೆಲಸ ಮಾಡುವ ಒಂದು ತಂಡವಿತ್ತು. ಒಂದು ದಿನ ಆ ತಂಡದ ಮ್ಯಾನೇಜರು, ಎಚ್‌ಆರ್‌ನವರು ನನ್ನನ್ನು ಮೀಟಿಂಗ್ ರೂಮಿಗೆ ಕರೆದರು. ಏನೋ ರಿಪೋರ್ಟ್ ತೆರೆಯುತ್ತಿಲ್ಲವೇನೋ ಎಂದುಕೊಂಡು ಹೋದೆ. ಗೋಡೆಯ ಮೇಲಿನ ಟಿವಿಯಲ್ಲಿ ಒಬ್ಬ ಹುಡುಗಿಯ ಪರದೆಯ ಚಿತ್ರ ಹಾಕಿದ್ದರು. ಹೊತ್ತು 11:42. ಎಡಗಡೆ ಕ್ಲೇಮ್ ಫಾರ್ಮು ಅರ್ಧ ತುಂಬಿದೆ. ಬಲಗಡೆ ಕೆಳಮೂಲೆಯಲ್ಲಿ, ಈಗಷ್ಟೇ ಮೇಲೆ ಬಂದ ವಾಟ್ಸಾಪ್ ಪೆಟ್ಟಿಗೆ. ಅದರೊಳಗೆ ಕನ್ನಡ. ಏನು ಬರೆದಿದೆ ಎಂದು ಮ್ಯಾನೇಜರು ಕೇಳಿದರು. ನಮ್ಮ ಐಟಿ ಟೀಮಿನಲ್ಲಿ ಕನ್ನಡ ಬರುತ್ತಿದ್ದುದು ನನಗೊಬ್ಬನಿಗೆ.

"ಅವ್ವಗ ಮತ್ತ ದಮ್ಮ ಹತ್ತೇತಿ. ದವಾಖಾನಿಗೆ ಕರ್ಕೊಂಡ ಹೊಂಟೀವಿ. ನೀ ಡ್ಯೂಟಿ ಬಿಟ್ಟ ಬರಬ್ಯಾಡ, ಫೋನ್ ಮಾಡ್ತೀನಿ."

ಓದಿದೆ. ಹಿಂದಿಯಲ್ಲಿ ಅರ್ಥ ಹೇಳಿದೆ. ಎಚ್‌ಆರ್‌ನವರು ಬರೆದುಕೊಂಡರು. ಮುಂದಿನ ಚಿತ್ರ, ಅದರ ಮುಂದಿನದು, ಅದರ ಮುಂದಿನದು, ಎಲ್ಲದರಲ್ಲೂ ಅದೇ ಅರ್ಧ ತುಂಬಿದ ಫಾರ್ಮು. ಪಕ್ಕದಲ್ಲಿ 47 ನಿಮಿಷ ಐಡಲ್ ಎಂದು ಹಳದಿ ಪಟ್ಟಿ. ಆ ಹೊತ್ತಿನಲ್ಲಿ ಆಕೆ ಮೆಟ್ಟಿಲ ಹತ್ತಿರ ನಿಂತು ಅಣ್ಣನ ಜೊತೆ ಫೋನಿನಲ್ಲಿದ್ದಳು. ಹಿಂದಿನ ಎರಡು ತಿಂಗಳ ಐಡಲನ್ನೂ ಇದಕ್ಕೆ ಕೂಡಿಸಿ ಒಂದು ಎಚ್ಚರಿಕೆ ಪತ್ರ ಕೊಟ್ಟರು, ಆ ತಿಂಗಳ ಪಗಾರದಲ್ಲಿ ಅರ್ಧ ದಿನ ಹಿಡಿದರು.

ಮೂರನೆಯ ದಿನ ಚಹಾ ಗಾಡಿಯ ಹತ್ತಿರ ಆಕೆ ಸಿಕ್ಕಳು. ಪತ್ರದಲ್ಲಿ ಮನೆಯ ವಿಷಯ ಬಂದಿದ್ದು ಆಕೆಗೆ ಒಗಟಾಗಿತ್ತು. "ಅಣ್ಣಾ, ಅದು ಕನ್ನಡದಾಗ ಇತ್ತಲ್ಲ. ಅವ್ರಿಗೆ ಹ್ಯಾಂಗ ತಿಳೀತು?" ಅಂದಳು. ಗೊತ್ತಿಲ್ಲವ್ವ ಅಂದೆ. ನಿಜ ಹೇಳಲು ನನಗೆ ಹದಿನೈದು ದಿನ ಬೇಕಾಯಿತು. ಹೇಳಿದಾಗ ಆಕೆ ಬೈಯಲಿಲ್ಲ. ಎಷ್ಟು ದಿನದಿಂದ ಹೀಗೆ ಚಿತ್ರ ತೆಗೆಯುತ್ತಿದ್ದರು ಎಂದು ಕೇಳಿದಳು. ಎರಡು ವರ್ಷ ಅಂದೆ. ಆಕೆ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು.

ಕಂಪನಿ ಮಾಡಿದ್ದು ಕಾನೂನುಬಾಹಿರ ಎಂದು ನಾನು ಹೇಳುತ್ತಿಲ್ಲ. ಆಫರ್ ಲೆಟರಿನ ಜೊತೆ ಸಹಿ ಹಾಕಿಸುವ ನಲವತ್ತು ಪುಟಗಳ ಇಂಗ್ಲಿಷ್ ಪಾಲಿಸಿಯಲ್ಲಿ ಒಂದು ಸಾಲು ಇತ್ತು: ಕಂಪನಿಯ ಸಾಧನಗಳ ಬಳಕೆಯನ್ನು ಗಮನಿಸಬಹುದು. ಇಷ್ಟೇ. ಪರದೆಯ ಚಿತ್ರ ಎಂಬ ಶಬ್ದ ಅದರಲ್ಲಿ ಇಲ್ಲ. ಹತ್ತು ನಿಮಿಷ ಎಂಬುದು ಇಲ್ಲ. ಪಗಾರ ಎಂಬುದಂತೂ ಇಲ್ಲವೇ ಇಲ್ಲ. ಆ ಸಾಲನ್ನು ಓದಿ ಒಬ್ಬ ವಕೀಲರಿಗೂ ತಿಳಿಯದ ವಿಷಯ, ಬಿ.ಕಾಂ. ಮುಗಿಸಿ ಮೊದಲ ಸಲ ಊರು ಬಿಟ್ಟು ಬಂದ ಹುಡುಗಿಗೆ ತಿಳಿಯಬೇಕಿತ್ತು ಎಂದು ವಾದಿಸುವುದು ಸರಿಯಲ್ಲ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಪ್ರಕರಣಕ್ಕೆ ತಮ್ಮ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು, 2025ರ ನವೆಂಬರಿನಲ್ಲಿ ನಿಯಮಗಳು ಹೊರಬಿದ್ದವು, ಮುಖ್ಯ ಕಟ್ಟಳೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಯಾಗಬೇಕು. ಈ ಕಾಯಿದೆಯ 5ನೇ ಕಲಮು ಓದಿ ನನಗೆ ಖುಷಿಯಾಗಿತ್ತು. ಒಪ್ಪಿಗೆ ಕೇಳುವವರು ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂದು ಮೊದಲು ತಿಳಿಸಬೇಕು, ಆ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಅವಕಾಶ ಕೊಡಬೇಕು ಅನ್ನುತ್ತದೆ. ಕನ್ನಡದಲ್ಲಿ, ಮರಾಠಿಯಲ್ಲಿ.

ಎರಡು ಪುಟ ಮುಂದೆ ಹೋದರೆ 7ನೇ ಕಲಮು. ಉದ್ಯೋಗದ ಉದ್ದೇಶಕ್ಕೆ, ಮತ್ತು ಮಾಲೀಕರನ್ನು ನಷ್ಟದಿಂದ ಕಾಪಾಡುವ ಉದ್ದೇಶಕ್ಕೆ ಮಾಹಿತಿ ಬಳಸಲು ಒಪ್ಪಿಗೆಯೇ ಬೇಕಿಲ್ಲ ಎಂದು ಅಲ್ಲಿದೆ. ಒಪ್ಪಿಗೆ ಬೇಡವಾದರೆ ಆ ತಿಳಿವಳಿಕೆ ಪತ್ರದ ಮಾತೂ ಏಳುವುದಿಲ್ಲ. 11ನೇ ಕಲಮು, ಅಂದರೆ ನನ್ನ ಬಗ್ಗೆ ನಿಮ್ಮ ಬಳಿ ಏನಿದೆ ತೋರಿಸಿ ಎಂದು ಕೇಳುವ ಹಕ್ಕು, ಅದೂ ಒಪ್ಪಿಗೆ ಕೊಟ್ಟ ಸಂದರ್ಭಕ್ಕೇ ಬರೆದದ್ದು. ಹೀಗಾಗಿ ಒಂದು ಬಟ್ಟೆ ಅಂಗಡಿಯ ಆ್ಯಪ್‌ಗೆ ಫೋನ್ ನಂಬರು ಕೊಟ್ಟವಳಿಗೆ ಇರುವ ಹಕ್ಕು, ದಿನಕ್ಕೆ ಒಂಬತ್ತು ತಾಸು ಪರದೆಯ ಚಿತ್ರ ತೆಗೆಸಿಕೊಳ್ಳುವ ನೌಕರಳಿಗೆ ಇಲ್ಲ. ಸಂಸತ್ತು ಇದನ್ನು ಸರಿಪಡಿಸಬೇಕು. ಅದು ನಿಮ್ಮ ಕೈಯಲ್ಲಿಲ್ಲ ಎಂದು ನನಗೂ ಗೊತ್ತು.

ಹಾಗಿದ್ದರೂ ನಿಮಗೇ ಬರೆಯಲು ಕಾರಣ ಆ ಅರ್ಧ ದಿನದ ಪಗಾರ. ಕೆಲಸಕ್ಕೆ ಹಾಜರಿರಲಿಲ್ಲ ಎಂದು ವೇತನ ಹಿಡಿಯುವುದು ದತ್ತಾಂಶದ ಪ್ರಶ್ನೆ ಅಲ್ಲ, ನಿಮ್ಮ ಇಲಾಖೆಯ ಪ್ರಶ್ನೆ. ಮೌಸ್ ಅಲುಗಲಿಲ್ಲ ಎಂಬುದು ಗೈರುಹಾಜರಿಗೆ ಸಾಕ್ಷಿ ಆಗುತ್ತದೆಯೇ? ಆಗುತ್ತದೆಂದರೆ ಆ ಸಾಕ್ಷಿಯನ್ನು ನೌಕರರಿಗೆ ತೋರಿಸಬೇಕೇ ಬೇಡವೇ? ಇದಕ್ಕೆ ಇವತ್ತು ಪುಣೆಯಲ್ಲಿ ಯಾರ ಬಳಿಯೂ ಬರಹದ ಉತ್ತರ ಇಲ್ಲ. ಪ್ರತಿ ಕಂಪನಿಯೂ ತನಗೆ ತೋಚಿದ ಹಾಗೆ ಐದು ನಿಮಿಷ, ಹತ್ತು ನಿಮಿಷ ಎಂದು ಗಡಿ ಹಾಕಿಕೊಳ್ಳುತ್ತದೆ. ಫ್ರಾನ್ಸಿನಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ ಸಿಎನ್‌ಐಎಲ್, 2024ರ ಡಿಸೆಂಬರಿನಲ್ಲಿ ಒಂದು ರಿಯಲ್ ಎಸ್ಟೇಟ್ ಕಂಪನಿಗೆ 40,000 ಯೂರೋ ದಂಡ ಹಾಕಿತು. ಆ ಕಂಪನಿ ಮಾಡಿದ್ದೂ ಇದನ್ನೇ: ಕೀಬೋರ್ಡ್, ಮೌಸ್ ಅಲುಗದ ಹೊತ್ತನ್ನು ಕೆಲಸ ಮಾಡದ ಹೊತ್ತು ಎಂದು ಎಣಿಸುವುದು, ಪರದೆಯ ಚಿತ್ರ ತೆಗೆಯುವುದು. ಮೀಟಿಂಗಿನಲ್ಲಿದ್ದರೂ, ಫೋನಿನಲ್ಲಿದ್ದರೂ ಅದು ಕೆಲಸವೇ, ಈ ಲೆಕ್ಕದಿಂದ ದುಡಿದ ಹೊತ್ತು ಸರಿಯಾಗಿ ಗೊತ್ತಾಗದು ಎಂದು ಪ್ರಾಧಿಕಾರ ಹೇಳಿತು. ನ್ಯೂಯಾರ್ಕ್ ರಾಜ್ಯದಲ್ಲಿ 2022ರ ಮೇ ತಿಂಗಳಿಂದ, ಕೆಲಸಕ್ಕೆ ಸೇರುವಾಗಲೇ ಎಲೆಕ್ಟ್ರಾನಿಕ್ ನಿಗಾ ಇದೆ ಎಂದು ಬರಹದಲ್ಲಿ ಕೊಟ್ಟು ಸಹಿ ಪಡೆಯಬೇಕು, ಎಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸಲೂ ಬೇಕು. ನಮ್ಮ ಊರಿನ ಕಂಪನಿಗಳು ನ್ಯೂಯಾರ್ಕಿನ, ಯೂರೋಪಿನ ಗಿರಾಕಿಗಳಿಗೇ ಕೆಲಸ ಮಾಡುತ್ತವೆ. ಅಲ್ಲಿಯ ನೌಕರರಿಗೆ ಹೇಳುವುದನ್ನು ಇಲ್ಲಿಯವರಿಗೆ ಹೇಳಲು ಏನು ಅಡ್ಡಿ?

ನಾನು ಕೇಳುವುದು ಒಂದೇ ಒಂದು ಹಾಳೆ. ಲ್ಯಾಪ್‌ಟಾಪ್ ಕೈಗೆ ಕೊಡುವ ಮುಂಚೆ, ಮರಾಠಿಯಲ್ಲಿ ಮತ್ತು ಆ ನೌಕರರು ಓದಬಲ್ಲ ಭಾಷೆಯಲ್ಲಿ. ಅದರಲ್ಲಿ ಯಾವ ಏಜೆಂಟುಗಳಿವೆ, ಪರದೆಯ ಚಿತ್ರ ತೆಗೆಯುತ್ತವೆಯೇ, ತೆಗೆದರೆ ಎಷ್ಟು ಹೊತ್ತಿಗೊಮ್ಮೆ, ಡ್ಯೂಟಿ ಮುಗಿದ ಮೇಲೂ ಓಡುತ್ತವೆಯೇ, ಯಾರು ಯಾರು ನೋಡಬಹುದು, ಎಷ್ಟು ದಿನಕ್ಕೆ ಅಳಿಸುತ್ತಾರೆ ಎಂದು ಬರೆದಿರಲಿ. ಅದರ ಕೆಳಗೆ ಒಂದು ಸಾಲು: ಇದರಲ್ಲಿ ಸಿಕ್ಕಿದ್ದನ್ನು ನಿಮಗೆ ತೋರಿಸಿ ನಿಮ್ಮ ಮಾತು ಕೇಳದೆ ಪಗಾರ ಹಿಡಿಯುವುದಿಲ್ಲ. ಇಷ್ಟನ್ನು ನಿಮ್ಮ ಕಚೇರಿಯಿಂದ ಒಂದು ಸುತ್ತೋಲೆಯಾಗಿ ಹೊರಡಿಸಿ.

ಕಂಪನಿಗಳು ಏನು ಹೇಳುತ್ತವೆ ಎಂಬುದು ನನಗೆ ಬಾಯಿಪಾಠವಾಗಿದೆ, ಎಷ್ಟೋ ಸಲ ನಾನೇ ಹೇಳಿದ್ದೇನೆ. ಲಾಗ್, ಅಂದರೆ ಕಂಪ್ಯೂಟರಿನಲ್ಲಿ ನಡೆದದ್ದರ ದಾಖಲೆ, ಇಡುವುದು ಸರ್ಕಾರದ ಆದೇಶ ಅನ್ನುತ್ತಾರೆ. 2022ರ ಏಪ್ರಿಲ್ 28ರಂದು ದೇಶದ ಸೈಬರ್ ಭದ್ರತೆ ನೋಡುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ ಕೊಟ್ಟ ನಿರ್ದೇಶನದಲ್ಲಿ 180 ದಿನ ಲಾಗ್ ಇಡಿ ಎಂದಿರುವುದು ನಿಜ. ಅದು ಕಂಪ್ಯೂಟರ್ ವ್ಯವಸ್ಥೆಗಳ ಲಾಗ್. ಅವ್ವನ ದವಾಖಾನೆಯ ಮೆಸೇಜಿನ ಚಿತ್ರ ಇಡಿ ಎಂದು ಯಾರೂ ಹೇಳಿಲ್ಲ. ಮೊದಲೇ ಹೇಳಿಬಿಟ್ಟರೆ ಕಳ್ಳರು ಹುಷಾರಾಗುತ್ತಾರೆ ಅನ್ನುತ್ತಾರೆ. ಅಂಗಡಿಯಲ್ಲಿ ಸಿಸಿಟಿವಿ ಇದೆ ಎಂದು ಬೋರ್ಡು ಹಾಕಿದ್ದರಿಂದ ಯಾವ ಅಂಗಡಿಯೂ ಮುಳುಗಿಲ್ಲ. ತಾಂತ್ರಿಕವಾಗಿ ಕಷ್ಟ ಎಂಬುದಂತೂ ಸುಳ್ಳು. ಆಪಲ್‌ನ ಮ್ಯಾಕ್ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮು ಪರದೆಯನ್ನು ಸೆರೆಹಿಡಿಯಬೇಕಾದರೆ ಅಲ್ಲಿ ಕೂತವರೇ ಸೆಟ್ಟಿಂಗ್ಸ್‌ಗೆ ಹೋಗಿ ಒಪ್ಪಬೇಕು, ನಾನು ನನ್ನ ಕನ್ಸೋಲಿನಿಂದ ಅವರ ಪರವಾಗಿ ಒಪ್ಪಿಬಿಡಲು ಆಗುವುದಿಲ್ಲ. ಸಾಮಾನ್ಯ ವಿಂಡೋಸ್ ಪ್ರೋಗ್ರಾಮುಗಳಿಗೆ ಆ ಬಾಗಿಲಿಲ್ಲ. ಒಂದೇ ಕಚೇರಿಯಲ್ಲಿ ಮ್ಯಾಕ್ ಸಿಕ್ಕವರಿಗೆ ಗೊತ್ತಾಗುತ್ತದೆ, ವಿಂಡೋಸ್ ಸಿಕ್ಕವರಿಗೆ ಗೊತ್ತಾಗುವುದಿಲ್ಲ. ಮ್ಯಾಕ್ ಸಿಗುವುದು ಯಾರಿಗೆ ಎಂದು ನಾನು ಬೇರೆ ಹೇಳಬೇಕಿಲ್ಲ.

ನೌಕರರು ದನಿ ಎತ್ತಿದರೆ ಬದಲಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2020ರ ಫೆಬ್ರವರಿಯಲ್ಲಿ ಲಂಡನ್ನಿನ ಬಾರ್ಕ್ಲೇಸ್ ಬ್ಯಾಂಕು ನೌಕರರು ಮೇಜಿನ ಮುಂದೆ ಎಷ್ಟು ಹೊತ್ತು ಇರುತ್ತಾರೆಂದು ಎಣಿಸುವ ತಂತ್ರಾಂಶವನ್ನು ಪ್ರಯೋಗಿಸಿ, ಅವರು ಸಿಟ್ಟಾದ ಮೇಲೆ ಕೈಬಿಟ್ಟಿತು. ಆ ತಂತ್ರಾಂಶದ ತವರು ನಮ್ಮ ಪುಣೆ. ಅದೇ ವರ್ಷದ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್, ಯಾರು ಅದರ ತಂತ್ರಾಂಶಗಳನ್ನು ಎಷ್ಟು ಬಳಸುತ್ತಾರೆಂದು ತೋರಿಸುವ ತನ್ನ ಪ್ರೊಡಕ್ಟಿವಿಟಿ ಸ್ಕೋರ್‌ನಿಂದ ನೌಕರರ ಹೆಸರು ತೆಗೆಯುವುದಾಗಿ ಹೇಳಿತು, ಅದೂ ಟೀಕೆ ಬಂದ ಮೇಲೆಯೇ. ಅಲ್ಲಿಯವರಿಗೆ ಮೊದಲು ಗೊತ್ತಾಯಿತು, ಆಮೇಲೆ ಕೇಳಿದರು. ನಮ್ಮವರಿಗೆ ಗೊತ್ತೇ ಇಲ್ಲ.

ಇದನ್ನು ಓದುತ್ತಿರುವ ನಮ್ಮವರಿಗೆ ಒಂದು ಮಾತು. ಕಂಪನಿಯ ಲ್ಯಾಪ್‌ಟಾಪಿನಲ್ಲಿ ವಾಟ್ಸಾಪ್ ತೆರೆಯಬೇಡಿ, ಫೋನಿನಲ್ಲಿ ನೋಡಿ. ಬ್ಯಾಂಕಿನ ಸೈಟು ತೆರೆದಾಗ ವಿಳಾಸದ ಪಕ್ಕದ ಗುರುತು ಒತ್ತಿ, ಆ ಸೈಟು ಅಸಲಿ ಎಂದು ಹೇಳುವ ಸರ್ಟಿಫಿಕೇಟ್ ಕೊಟ್ಟವರು ಯಾರು ಎಂದು ನೋಡಿ. ಅಲ್ಲಿ ನಿಮ್ಮ ಕಂಪನಿಯ ಅಥವಾ ಅದರ ಸೆಕ್ಯುರಿಟಿ ತಂತ್ರಾಂಶದ ಹೆಸರು ಕಂಡರೆ ನಿಮ್ಮ ಬ್ಯಾಂಕಿನ ಪುಟವನ್ನು ದಾರಿಯಲ್ಲಿ ಬಿಚ್ಚಿ ಮತ್ತೆ ಕಟ್ಟಿ ಕಳಿಸುತ್ತಿದ್ದಾರೆ ಎಂದರ್ಥ. ಮತ್ತು ಎಚ್‌ಆರ್‌ಗೆ ಒಂದು ಮೇಲ್ ಬರೆಯಿರಿ, ನನ್ನ ಮೆಷಿನ್ನಿನಲ್ಲಿ ಪರದೆಯ ಚಿತ್ರ ತೆಗೆಯುತ್ತೀರಾ ಎಂದು. ಬರಹದಲ್ಲಿ ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ. ಐಟಿ ಟೀಮಿನಲ್ಲಿರುವ ನನ್ನಂಥ ಕನ್ನಡದ ಹುಡುಗರಿಗೆ ಹೇಳುವುದು ಇಷ್ಟು: ಯಾರದೋ ಪರದೆಯ ಮೇಲಿನ ಕನ್ನಡ ಓದಿ ಹೇಳು ಎಂದು ಕರೆದರೆ, ಆಗುವುದಿಲ್ಲ ಅನ್ನಿ. ನಾನು ಅನ್ನಬೇಕಿತ್ತು.

ಆಯುಕ್ತರೇ, ನಿಮಗೆ ಇದರಲ್ಲಿ ಯಾವುದಾದರೂ ಅತಿಯಾಯಿತು ಅನಿಸಿದರೆ ಪುಣೆಯ ನಿಮ್ಮ ಕಚೇರಿಗೆ ನನ್ನನ್ನು ಕರೆಯಿರಿ. ರಜೆ ಹಾಕಿ ಬರುತ್ತೇನೆ. ನನ್ನ ಸ್ವಂತ ಲ್ಯಾಪ್‌ಟಾಪಿಗೆ ಇಂಥದ್ದೇ ಒಂದು ಏಜೆಂಟ್ ಹಾಕಿ ನಿಮ್ಮ ಮೇಜಿನ ಮೇಲೆ ಇಡುತ್ತೇನೆ. ನೀವು ಎಂದಿನ ಹಾಗೆ ಒಂದು ಪತ್ರ ಟೈಪ್ ಮಾಡಿ, ಮನೆಗೊಂದು ಮೆಸೇಜ್ ಕಳಿಸಿ, ಒಬ್ಬರ ಜೊತೆ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿ. ಆಮೇಲೆ ಡ್ಯಾಶ್‌ಬೋರ್ಡ್ ತೆರೆದು, ಅದು ನಿಮ್ಮ ಬಗ್ಗೆ ಏನು ಬರೆದಿದೆ ಎಂದು ಇಬ್ಬರೂ ಕೂತು ಓದೋಣ.

ಇಂತಿ,
ಎಂಡ್‌ಪಾಯಿಂಟ್ ಇಂಜಿನಿಯರ್ ಒಬ್ಬ
ವಾಕಡ್, ಪುಣೆ